ಒಂದಾಣೆ ಸ್ಟ್ಯಾಂಪನ್ನು ರಸೀದಿಯಿಂದ ಬಿಡಿಸುವ ಮುನ್ನ

ಬ್ರಿಟಿಷರ ಕಾಲದ ಕಿರೀಟಧಾರಿ ಸ್ಟ್ಯಾಂಪುಗಳಲ್ಲಿ ನಾನು ಕೂಡಿಡುವುದು ಮುಖ್ಯವಾಗಿ ರಸೀದಿಗೆ ಅಂಟಿಸಿದ ಒಂದಾಣೆಯವನ್ನು. 1899ರ ಸ್ಟ್ಯಾಂಪ್ ಕಾಯ್ದೆಯಂತೆ 20 ರೂಪಾಯಿ ಮೀರಿದ ರಸೀದಿಗೆ ಒಂದಾಣೆ ಬೇಕಿತ್ತು. 1906ರಲ್ಲಿ ಏಳನೇ ಎಡ್ವರ್ಡನ ಅರ್ಧಾಣೆ, ಒಂದಾಣೆಗಳ ಮೇಲೆ ‘ಪೋಸ್ಟೇಜ್ ಅಂಡ್ ರೆವಿನ್ಯೂ’ (ಅಂಚೆ ಮತ್ತು ಕಂದಾಯ) ಎಂದು ಅಚ್ಚಾಯಿತು. ಹಾಗಾಗಿ ಅಂಚೆಯ ಕಾಗದಕ್ಕೂ ರಸೀದಿಗೂ ಒಂದೇ ಸ್ಟ್ಯಾಂಪು ಸಾಕಾಯಿತು. ಹಳೆಯ ಅಂಗಡಿ ಕಡತಗಳಲ್ಲಿ ಇವು ಇಂದಿಗೂ ಸಿಗುತ್ತವೆ.

ಸಿಕ್ಕ ಕೂಡಲೇ ನೀರಿಗೆ ಹಾಕುವುದೇ ದೊಡ್ಡ ತಪ್ಪು. ಬಳಸಿದ ಸ್ಟ್ಯಾಂಪನ್ನು ತೊಳೆದು ಮತ್ತೆ ಅಂಟಿಸದಿರಲೆಂದೇ ಆಗ ಹಲವು ಸ್ಟ್ಯಾಂಪುಗಳಿಗೆ ನೀರಿಗೆ ಬಿಡುವ ಶಾಯಿ ಬಳಸುತ್ತಿದ್ದರು. ಹಸಿರು, ನೇರಳೆ ಬಣ್ಣಗಳಲ್ಲಿ ಈ ಭಯ ಹೆಚ್ಚು. ಕಾಪಿಯಿಂಗ್ ಪೆನ್ಸಿಲಿನ (ಒದ್ದೆಯಾದರೆ ಶಾಯಿಯಂತಾಗುವ ಪೆನ್ಸಿಲು) ರುಜುವಿಗೆ ತೇವ ತಗುಲಿದರೆ ಊದಾ ಬಣ್ಣ ಹರಡಿ ರಾಜನ ಮುಖವೇ ಮುಚ್ಚುತ್ತದೆ. ಮೇಲಾಗಿ, ಅರ್ಧ ರುಜು ಸ್ಟ್ಯಾಂಪಿನ ಮೇಲೆ, ಉಳಿದರ್ಧ ಕಾಗದದ ಮೇಲೆ ಇರುತ್ತದಲ್ಲ, ಬಿಡಿಸಿದರೆ ತಾರೀಕು, ಊರು, ಮೊತ್ತ ಎಲ್ಲ ಹೋಗಿಬಿಡುತ್ತದೆ. ನನ್ನ ಮಟ್ಟಿಗೆ ಬಿಡಿ ಸ್ಟ್ಯಾಂಪಿಗಿಂತ ಇಡೀ ರಸೀದಿಯೇ ಮೇಲು.

ಆದರೆ ಐದನೇ ಜಾರ್ಜನ ಚಾಕೊಲೇಟ್ ಬಣ್ಣದ ಒಂದಾಣೆಯದು ಬೇರೆ ತೊಡಕು. ಲಂಡನ್ನಿನ ಡಿ ಲಾ ರೂ ಮುದ್ರಣ ಸಂಸ್ಥೆ ಅಚ್ಚು ಹಾಕಿದ್ದರಲ್ಲಿ ನೀರುಗುರುತು (ಕಾಗದದೊಳಗೇ ಮೂಡಿಸಿದ ಗುರುತು) ಒಂಟಿ ನಕ್ಷತ್ರ. 1926ರಿಂದ ನಾಸಿಕ್‌ನಲ್ಲಿ ಅಚ್ಚಾದದ್ದರಲ್ಲಿ ಹಲವು ನಕ್ಷತ್ರ. ಅಂಟಿಕೊಂಡಿರುವಾಗ ಇದು ಕಾಣುವುದಿಲ್ಲ. ರಸೀದಿಯ ತಾರೀಕು 1926ಕ್ಕೆ ಮೊದಲಿನದಾದರೆ ಒಂಟಿ ನಕ್ಷತ್ರವೇ, ಮುಟ್ಟುವುದಿಲ್ಲ. ನಂತರದ್ದಾದರೆ ಖಚಿತವಿಲ್ಲ, ಹಳೆಯ ದಾಸ್ತಾನೂ ಬಳಕೆಯಲ್ಲಿತ್ತು. ಹಾಗೆಂದು ರಸೀದಿಯನ್ನು ಹಾಳುಮಾಡುವುದಿಲ್ಲ. ಹರಿದ, ಬರಹವಿಲ್ಲದ ತುಂಡಿನ ಮೇಲಿದ್ದರೆ ಮಾತ್ರ ಬಿಡಿಸುತ್ತೇನೆ.

ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯ ತಳದಲ್ಲಿ ಹಿಂಡಿದ ಒದ್ದೆ ಸ್ಪಂಜು, ಮೇಲೆ ಜಾಲರಿ, ಅದರ ಮೇಲೆ ಮುಖ ಮೇಲಾಗಿ ಸ್ಟ್ಯಾಂಪು. ಎರಡರಿಂದ ನಾಲ್ಕು ಗಂಟೆ ಬಿಟ್ಟರೆ ಅಂಟು ಸಡಿಲುತ್ತದೆ, ನಡುನಡುವೆ ನೋಡುತ್ತಿರಬೇಕು. ಅಂಚು ತಾನಾಗಿ ಏಳದಿದ್ದರೆ ಎಳೆಯಬಾರದು, ತೆಳುವಾಗಿ ಸೀಳುತ್ತದೆ. ಬಿಡಿಸಿದ್ದನ್ನು ಚಿಮುಟದಿಂದೆತ್ತಿ ಎರಡು ಹೀರುಕಾಗದಗಳ ನಡುವೆ ಪುಸ್ತಕದ ಭಾರ ಹೇರಿ ಒಂದು ರಾತ್ರಿ ಇಡುತ್ತೇನೆ. ಆಮೇಲೆ ಕಪ್ಪು ತಟ್ಟೆಯಲ್ಲಿ ಮುಖ ಕೆಳಗಾಗಿಸಿ ಎರಡು ಹನಿ ಸಿಗರೇಟ್ ಲೈಟರಿನ ದ್ರವ ಬಿಟ್ಟರೆ ನಕ್ಷತ್ರ ಕಪ್ಪಾಗಿ ತೋರುತ್ತದೆ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡವೇ ಬೇಡ.

ರಸೀದಿಗಳನ್ನು ಪಿವಿಸಿ ಎಂಬ ಪ್ಲಾಸ್ಟಿಕ್ ಇಲ್ಲದ ಪಾರದರ್ಶಕ ಹಾಳೆಗಳಲ್ಲಿಡುತ್ತೇನೆ. ಪಿವಿಸಿ ಕಾಲಕ್ರಮೇಣ ಜಿಗುಟಾಗಿ ಶಾಯಿಯನ್ನು ಕೀಳುತ್ತದೆ. ಮಳೆಗಾಲದಲ್ಲಿ ಆಲ್ಬಮಿನ ಡಬ್ಬಿಗೆ ಸಿಲಿಕಾ ಜೆಲ್ ಇಡದಿದ್ದರೆ ಕಂದು ಚುಕ್ಕೆ ಏಳುತ್ತವೆ. ಒಮ್ಮೆ ಎದ್ದರೆ ಸುತ್ತಲಿನ ಕಾಗದಕ್ಕೂ ಹಬ್ಬುತ್ತವೆ, ಅಂಥವನ್ನು ಬೇರೆಯಾಗಿಯೇ ಇಡಬೇಕು.