ಓದಿದವ್ರು ಒಪ್ಕೊಳ್ಳೋ ಹಾಗೆ ವಾದ ಬರಿಯೋದು ಹೇಗೆ

ಒಬ್ರನ್ನ ಒಪ್ಪಿಸ್ಬೇಕು ಅಂತ ಬರಿಯೋಕೆ ಕೂತಾಗ ಮುಕ್ಕಾಲು ಜನ ತಮಗೆ ಏನು ಮುಖ್ಯ ಅನ್ಸತ್ತೋ ಅದನ್ನೇ ಬರ್ಕೊಂಡು ಹೋಗ್ತಾರೆ, ಓದೋರ ತಲೇಲಿ ಆಗ್ಲೇ ಏನು ಓಡ್ತಿದೆ ಅಂತ ಯೋಚ್ನೇನೇ ಮಾಡಲ್ಲ. ಅದಕ್ಕೆ ಶುರು ಮಾಡೋ ಮುಂಚೆ ಒಂದು ಚೀಟೀಲಿ ಬರ್ಕೊಳ್ಳಿ: ಇದನ್ನ ಓದೋರು ಯಾರು, ಬೇಡ ಅಂದ್ರೆ ಯಾಕೆ ಬೇಡ ಅಂತಾರೆ.

ಈಥೋಸ್, ಪೇಥೋಸ್, ಲೋಗೋಸ್ ಅನ್ನೋ ಹೆಸ್ರು ಕೇಳಿರ್ತೀರ, ಕ್ರಿ.ಪೂ. 4ನೇ ಶತಮಾನದಲ್ಲಿ ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಒಪ್ಪಿಸೋ ದಾರಿಗಳನ್ನ ಮಾಡಿದ ವಿಂಗಡಣೆ. ಹೇಳೋರ ಮೇಲಿನ ನಂಬಿಕೆ, ಕೇಳೋರ ಭಾವನೆ, ಮಾತಿನೊಳಗಿನ ತರ್ಕ, ಅಷ್ಟೇ. ಮೂರಕ್ಕೂ ಒಂದೊಂದು ಪ್ಯಾರಾ ಬರೀರಿ ಅಂತ ಹೇಳ್ಕೊಡ್ತಾರಲ್ಲ, ಅದು ನಂಗೆ ಹಿಡ್ಸಲ್ಲ, ಅಂಗಿ ಹೊಲ್ಕೊಡಿ ಅಂದ್ರೆ ಬಟ್ಟೆ, ದಾರ, ಗುಂಡಿ ಬೇರೆಬೇರೆ ಕೈಗಿಟ್ಟಂಗಿರತ್ತೆ.

ಶಾಲೆ ಮುಂದೆ ರಸ್ತೆಗೆ ಒಂದು ಹಂಪ್ ಹಾಕ್ಸಿ ಅಂತ ಅರ್ಜಿ ಬರೀತಿದೀರಿ ಅಂದ್ಕೊಳ್ಳಿ. ಮೊದಲು ಬರೋ ಸಾಲು ಹೀಗಿರತ್ತೆ: "ಮಕ್ಕಳ ಪ್ರಾಣಕ್ಕೆ ಬೆಲೆಯೇ ಇಲ್ಲದಂತಾಗಿದೆ, ಅಧಿಕಾರಿಗಳು ಕಣ್ಮುಚ್ಚಿ ಕುಳಿತಿದ್ದಾರೆ." ಓದ್ತಿರೋದು ಅದೇ ಅಧಿಕಾರಿ ಕಣ್ರೀ! ಬೈಸ್ಕೊಂಡು ಯಾರು ಸಹಿ ಹಾಕ್ತಾರೆ?

ಅದರ ಬದ್ಲು: "ಹಂಪ್ ಇದ್ರೆ ಆಂಬುಲೆನ್ಸ್‌ಗೂ ಅಡ್ಡಿ ಅನ್ನೋದು ನಮಗೂ ಗೊತ್ತು, ಅದಕ್ಕೇ ಗೇಟಿನ ಹತ್ತಿರ ಒಂದೇ ಒಂದು ಕೇಳ್ತಿದೀವಿ." ಎದುರಿನವರ ಕಷ್ಟ ನೀವೇ ಮೊದ್ಲು ಹೇಳಿದ್ರಿ ನೋಡಿ, ಈಥೋಸ್ ಅಂದ್ರೆ ಇದು. ನಿಮ್ಮ ಡಿಗ್ರಿ, ಹುದ್ದೆ ಬರ್ಕೊಳ್ಳೋದಲ್ಲ. ನಂಬಿಕೆ ಹಳೇ ಹೆಸರಿಂದಲ್ಲ, ಆಡೋ ಮಾತಿಂದಲೇ ಹುಟ್ಬೇಕು ಅಂತ ಅರಿಸ್ಟಾಟಲ್ಲೂ ಹೇಳಿದಾನೆ, ಜೊತೆಗೆ ಮೂರರಲ್ಲಿ ಹೆಚ್ಚುಕಮ್ಮಿ ಇದಕ್ಕೇ ಜಾಸ್ತಿ ಬಲ ಅಂತಾನೂ.

ಆಮೇಲೆ ತರ್ಕ. ವೇಗ ಎರಡರಷ್ಟಾದ್ರೆ ಬ್ರೇಕ್ ಒತ್ತಿದ ಮೇಲೆ ಗಾಡಿ ನಿಲ್ಲೋಕೆ ಬೇಕಾದ ದೂರ ಸುಮಾರು ನಾಲ್ಕರಷ್ಟಾಗತ್ತೆ, ಅಂದ್ರೆ ಗಂಟೆಗೆ 30 ಕಿ.ಮೀ. ಬದ್ಲು 60ರಲ್ಲಿ ಬಂದವನಿಗೆ ಮಗು ಕಂಡ್ರೂ ನಿಲ್ಸೋಕಾಗದೇ ಇರ್ಬಹುದು. ಇಷ್ಟು ಹೇಳಿ ನಿಲ್ಲಿಸಿ. ಮಕ್ಕಳು ನೋಡ್ಕೊಂಡು ದಾಟಲ್ಲ ಅನ್ನೋದು ಓದೋರಿಗೆ ಗೊತ್ತೇ ಇರತ್ತೆ, ಅದನ್ನ ಅವ್ರೇ ಸೇರಿಸ್ಕೊಳ್ಲಿ. ಹೀಗೆ ಗೊತ್ತಿರೋ ಕೊಂಡಿ ಬಿಟ್ಟು ಹೇಳೋದಕ್ಕೆ ಎಂಥಿಮೀಮ್ ಅಂತಾರೆ, ತಾನೇ ಜೋಡಿಸಿದ ತೀರ್ಮಾನನ ಮನುಷ್ಯ ಅಷ್ಟು ಸುಲಭಕ್ಕೆ ಬಿಟ್ಕೊಡಲ್ಲ.

ಉದಾಹರಣೆ ಎಲ್ಲಿಡ್ಬೇಕು ಅನ್ನೋದು ತುಂಬಾ ಜನ ಯೋಚಿಸದೇ ಇರೋ ವಿಷ್ಯ. ಮೊದ್ಲೇ ಇಟ್ರೆ ಹತ್ತಾರು ಬೇಕಾಗತ್ತೆ, ಕಾರಣ ಹೇಳಾದ ಮೇಲೆ ಇಟ್ರೆ ಒಂದೇ ಸಾಕು, ಸಾಕ್ಷಿ ತರ ನಿಲ್ಲತ್ತೆ. ಇದೂ ಅರಿಸ್ಟಾಟಲ್‌ನದ್ದೇ ಮಾತು.

ಭಾವನೆಗೆ ಆ ಒಂದು ಉದಾಹರಣೆಯ ಜಾಗವೇ ಸಾಕು. "ಹೃದಯವಿದ್ರಾವಕ", "ಭೀಕರ" ಎಲ್ಲ ಹೊಡೆದು ಹಾಕಿ, ಕಂಡಿದ್ದನ್ನ ಬರೀರಿ: ಬೆನ್ನ ಮೇಲೆ ಬ್ಯಾಗು, ಒಂದು ಕೈಯಲ್ಲಿ ತಂಗಿ, ಹುಡುಗಿ ರಸ್ತೆಗೆ ಕಾಲಿಡ್ತಾಳೆ, ಹಾರ್ನ್ ಕೇಳಿ ಹಿಂದಕ್ಕೆ ತಗೋತಾಳೆ, ಮತ್ತೆ ಇಡ್ತಾಳೆ. ನಮ್ಮನೆ ಮಗೂಗೂ ಹೀಗಾಗಬಹುದು ಅನ್ಸಿದಾಗ್ಲೇ ಮರುಕ ಹುಟ್ಟೋದು. ಆದ್ರೆ ನಡೀದೇ ಇರೋ ಆಕ್ಸಿಡೆಂಟ್ ಮಾತ್ರ ಕಟ್ಟಿ ಬರೀಬೇಡಿ, ಸಿಕ್ಕಿಬಿದ್ರೆ ನಿಜ ಹೇಳಿದ್ದೂ ನೀರಲ್ಲಿ ಹೋಮ.

ಸಮಯಾನೂ ನೋಡ್ಕೊಳ್ಳಿ, ಗ್ರೀಕರು ಕೈರೋಸ್ ಅಂತಿದ್ರು. ಟಾರ್ ಹಾಕಿ ರೋಲರ್ ಹೊರಟುಹೋದ್ಮೇಲೆ ಕೊಡೋ ಅರ್ಜಿಗೂ ಕೆಲ್ಸ ಶುರುವಾಗೋ ಮುಂಚೆ ಕೊಡೋದಕ್ಕೂ ತುಂಬಾ ವ್ಯತ್ಯಾಸ ಇದೆ.

ಬರೆದಾದ್ಮೇಲೆ ಬೇಡ ಅನ್ನೋನ ಧ್ವನೀಲೇ ಜೋರಾಗಿ ಓದಿ, "ಸರಿ, ಅದಕ್ಕೆ?" ಅನ್ಸಿದ ಸಾಲು ತಿದ್ದಿ. ಕೊನೇ ಸಾಲಲ್ಲಿ "ಸೂಕ್ತ ಕ್ರಮ ಕೈಗೊಳ್ಳಿ" ಬೇಡ, "ಶಾಲೆ ಶುರುವಾಗೋ ಮುಂಚೆ ಗೇಟಿನ ಮುಂದೆ ಒಂದು ಹಂಪ್, ಅದರ ಮೇಲೆ ಬಿಳಿ ಪಟ್ಟೆ" ಅಂತ ನೇರವಾಗಿ ಕೇಳಿ.