ಕಾರಿನ ತಳಕ್ಕೆ ಹಳೆಯ ಎಂಜಿನ್ ಆಯಿಲ್ ಬಳಿಸಬೇಡಿ

ಮಳೆಗಾಲಕ್ಕೆ ಮುನ್ನ ಕಾರಿನ ತಳಕ್ಕೆ ಎಂಜಿನ್ನಿನಿಂದ ಇಳಿಸಿದ ಹಳೆಯ ಆಯಿಲ್ ಹೊಡೆಸಿದರೆ ತುಕ್ಕು ಹಿಡಿಯುವುದಿಲ್ಲ ಎಂಬ ನಂಬಿಕೆಯಿದ್ದವರು ದಯವಿಟ್ಟು ಒಮ್ಮೆ ಯೋಚಿಸಬೇಕು. ಆ ಆಯಿಲ್‌ನಲ್ಲಿ ಇಂಧನ ಉರಿದಾಗ ಹುಟ್ಟಿದ ಆಮ್ಲಗಳು, ಮಸಿ, ಸವೆದ ಲೋಹದ ಕಣಗಳು ಹಾಗೂ ಕ್ಯಾನ್ಸರ್ ತರಬಲ್ಲ ಸಂಯುಕ್ತಗಳು ಸೇರಿರುತ್ತವೆ. ತುಕ್ಕು ತಡೆಯಲೆಂದು ಮೊದಲು ಬೆರೆಸಿದ್ದ ರಾಸಾಯನಿಕಗಳ ಶಕ್ತಿಯೂ ಕುಂದಿರುತ್ತದೆ. ಅದು ತಗುಲಿದ ಸಸ್ಪೆನ್ಶನ್ನಿನ (ಗಾಡಿಯ ಕುಲುಕಾಟ ತಡೆಯುವ ಭಾಗದ) ರಬ್ಬರ್ ಬುಶ್‌ಗಳು ಕ್ರಮೇಣ ಉಬ್ಬಿ ಮೆತ್ತಗಾಗುತ್ತವೆ, ಬಿಸಿ ಸೈಲೆನ್ಸರ್ ಮೇಲೆ ಬಿದ್ದರೆ ಹೊಗೆಯಾಡಿ ಬೆಂಕಿಯ ಅಪಾಯವೂ ಇದೆ. ಎಲ್ಲಕ್ಕಿಂತ ಭಯದ ಸಂಗತಿ ಬ್ರೇಕಿನದು: ಡಿಸ್ಕ್ ಅಥವಾ ಪ್ಯಾಡಿಗೆ ಸ್ವಲ್ಪ ಸಿಡಿದರೂ ಹಿಡಿತ ತಪ್ಪುತ್ತದೆ.

ನಮ್ಮ ಹುಬ್ಬಳ್ಳಿ, ನವಲಗುಂದ ಭಾಗದ ಎರೆ ಮಣ್ಣು ಆಯಿಲ್ ಜಿಡ್ಡಿಗೆ ಮೆತ್ತಿಕೊಂಡು, ಒಳಗಿನ ತೇವವನ್ನು ತಗಡಿಗೆ ಹತ್ತಿಸಿಕೊಂಡೇ ಕೂರುತ್ತದೆ. ಉಳಿದ ಆಯಿಲ್ ಮೊದಲ ಜೋರು ಮಳೆಗೆ ತೊಳೆದು ಗಟಾರಕ್ಕೆ, ಅಲ್ಲಿಂದ ಕೆರೆಗೆ ಸೇರುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಡಿ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯವೇ ಆಗಿರುವುದರಿಂದ, ಅದನ್ನು ಅಧಿಕೃತ ಮರುಬಳಕೆದಾರರಿಗೆ ತಲುಪಿಸುವ ಗ್ಯಾರೇಜಿನಲ್ಲಿಯೇ ಆಯಿಲ್ ಬದಲಿಸಿಕೊಳ್ಳಿ.

ತಳವನ್ನು ನೀರಿನ ಪ್ರೆಶರಿನಿಂದ ತೊಳೆಸಿ, ಪೂರ್ತಿ ಒಣಗಿದ ಮೇಲೆ, ಇರುವ ತುಕ್ಕನ್ನು ಉಜ್ಜಿ ತೆಗೆಸಿ, ಮೇಣದ ಅಥವಾ ರಬ್ಬರ್ ಆಧಾರಿತ ಅಂಡರ್‌ಬಾಡಿ ಕೋಟಿಂಗ್ ಮಾಡಿಸುವುದು ಸರಿಯಾದ ದಾರಿ. ಒದ್ದೆ ತಗಡಿನ ಮೇಲೆ ಕೋಟಿಂಗ್ ಹೊಡೆದರೆ ತುಕ್ಕು ಒಳಗೊಳಗೇ ಬೆಳೆಯುತ್ತದೆ. ಬಾಗಿಲಿನ ಕೆಳ ಅಂಚಿನಲ್ಲಿರುವ ನೀರು ಇಳಿಯುವ ಸಣ್ಣ ತೂತುಗಳು ಕೋಟಿಂಗಿನಿಂದ ಮುಚ್ಚಿಹೋಗಿಲ್ಲವೇ ಎಂದು ಕೆಲಸ ಮುಗಿದ ಕೂಡಲೇ ನೀವೇ ಬಗ್ಗಿ ನೋಡಿರಿ.