ಪಿಸಿ ಸ್ಪೀಕರ್‌ನ ಸುಯ್‌ ಸದ್ದು ನಾನು ಕಮ್ಮಿ ಮಾಡ್ಕೊಂಡಿದ್ದು ಹೆಂಗೆ

ಸ್ಪೀಕರ್‌ನಲ್ಲಿ ಸದ್ದು ಬರುತ್ತೆ ಅಂದ ತಕ್ಷಣ ಎಲ್ಲರೂ ಹೇಳೋದು ಒಂದೇ, ಹೊಸದು ತಗೋ. ನಾನು ತಗೊಳ್ಲಿಲ್ಲ, ಮೊದಲು ಯಾವ ಥರ ಸದ್ದು ಅಂತ ಕೂತು ಕೇಳ್ದೆ. ಒಂದೇ ಸಮನೆ ಸುಯ್‌ ಅಂತಿದ್ರೆ ಅದು ಆಂಪ್ಲಿಫೈಯರ್ ಗೇನ್‌ದು (ಸಿಗ್ನಲ್ಲನ್ನ ಎಷ್ಟು ಪಟ್ಟು ದೊಡ್ಡದು ಮಾಡುತ್ತೆ ಅನ್ನೋದು), ಗುಂಯ್‌ ಅಂತಿದ್ರೆ ಕರೆಂಟು ಅರ್ಥಿಂಗ್ ಕಡೆಯದು (ನಮ್ಮ ಲೈನು 50 ಹರ್ಟ್ಜ್ ಅಲ್ವಾ, ಅದೇ ದಪ್ಪ ದನಿ), ಮೌಸ್ ಆಡಿಸಿದಾಗ ಕಿರ್‌ಕಿರ್ ಅಂದ್ರೆ ಕಂಪ್ಯೂಟರ್ ಒಳಗಿಂದು. ನನ್ನ 2.1 ಸೆಟ್‌ನಲ್ಲಿ (ಎರಡು ಸ್ಪೀಕರ್, ಒಂದು ಬೇಸ್ ಬಾಕ್ಸು) ಸುಯ್‌ ಮತ್ತೆ ಕಿರ್‌ಕಿರ್ ಎರಡೂ ಇತ್ತು.

ಸ್ಪೀಕರ್ ಆನ್ ಇಟ್ಟು ಪಿಸಿ ಕಡೆ 3.5 ಎಂಎಂ ಪಿನ್ ಕಿತ್ತೆ. ಸುಯ್‌ ಚೂರು ಉಳೀತು, ಕಿರ್‌ಕಿರ್ ಪೂರ್ತಿ ನಿಲ್ತು. ಅಂದ್ರೆ ಉಳಿದಿದ್ದು ಸ್ಪೀಕರ್‌ದೇ, ಮಿಕ್ಕಿದ್ದೆಲ್ಲ ಪಿಸಿಯಿಂದ ಬರ್ತಿದೆ. (ಕಿತ್ತ ಪಿನ್ ತುದಿಗೆ ಬೆರಳು ತಾಗಿದ್ರೆ ಗುಂಯ್‌ ಅನ್ನುತ್ತೆ, ಅದು ಮಾಮೂಲಿ, ಹೆದರಬೇಡಿ.)

ಜಾಸ್ತಿ ಫರಕು ಬಿದ್ದಿದ್ದು ಪೈಸೆ ಖರ್ಚಿಲ್ಲದ ಕೆಲಸದಿಂದ. ವಿಂಡೋಸ್‌ನಲ್ಲಿ ವಾಲ್ಯೂಮ್ 30ರ ಹತ್ರ, ಸ್ಪೀಕರ್ ನಾಬ್ ಮುಕ್ಕಾಲಿಗಿಂತ ಮೇಲೆ, ಇದು ಮನೇಲಿ ಎಲ್ಲರ ಅಭ್ಯಾಸ. ಸೌಂಡ್ ಕಾರ್ಡ್‌ನ ನಾಯ್ಸು ವಾಲ್ಯೂಮ್ ಎಷ್ಟೇ ಇಟ್ರೂ ಹೆಚ್ಚುಕಮ್ಮಿ ಅಷ್ಟೇ ಇರುತ್ತೆ, ಹಾಡು ಮಾತ್ರ ಸಣ್ಣಗಾಗುತ್ತೆ, ಆಮೇಲೆ ನಾಬ್ ಏರಿಸಿದಾಗ ಎರಡನ್ನೂ ಒಟ್ಟಿಗೆ ಆಂಪ್ ದೊಡ್ಡದು ಮಾಡುತ್ತೆ. ಉಲ್ಟಾ ಮಾಡ್ದೆ, ವಿಂಡೋಸ್ 85–90, ನಾಬ್ ಕಾಲು ಭಾಗ. ಹಾಡಿನ ಜೋರು ಅಷ್ಟೇ, ಸುಯ್‌ ಕುರ್ಚಿ ತನಕ ಬರೋದು ನಿಲ್ತು. ಜೊತೆಗೆ ವಿಂಡೋಸ್ ಸೌಂಡ್ ಸೆಟ್ಟಿಂಗ್ಸ್‌ನ ರೆಕಾರ್ಡಿಂಗ್ ಟ್ಯಾಬ್‌ನಲ್ಲಿ ಮೈಕ್ ಪ್ರಾಪರ್ಟೀಸ್‌ಗೆ ಹೋಗಿ 'ಲಿಸನ್ ಟು ದಿಸ್ ಡಿವೈಸ್' ಟಿಕ್ ಇದ್ಯಾ ನೋಡಿ, ಮೈಕ್ ಬೂಸ್ಟೂ ಇಳಿಸಿ, ಆ ಟಿಕ್ ಇದ್ರೆ ಮೈಕ್‌ನ ನಾಯ್ಸೆಲ್ಲ ಸ್ಪೀಕರ್‌ಗೇ ಬರುತ್ತೆ.

ಕಿರ್‌ಕಿರ್‌ಗೆ ಕಾರಣ ಕ್ಯಾಬಿನೆಟ್ ಮುಂದಿನ ಜ್ಯಾಕು. ಅಲ್ಲಿಂದ ಮದರ್‌ಬೋರ್ಡ್‌ಗೆ ಹೋಗೋ ತೆಳ್ಳನೆ ವೈರು ನನ್ನದ್ರಲ್ಲಿ ಗ್ರಾಫಿಕ್ಸ್ ಕಾರ್ಡ್ ಕೆಳಗೇ ಹಾದು ಹೋಗಿತ್ತು, ವೆಬ್‌ಪೇಜ್ ಸ್ಕ್ರೋಲ್ ಮಾಡಿದ್ರೆ ಸಾಕು, ಟ್ವೀಟರ್ (ಚೂಪು ದನಿ ಬರೋ ಸಣ್ಣ ಸ್ಪೀಕರ್) ಹತ್ರ ಕಿವಿ ಇಟ್ರೆ ಒಂದೊಂದು ಸ್ಕ್ರೋಲಿಗೂ ಸಣ್ಣಗೆ ಚಿರ್ ಅನ್ನೋದು. ಎಕ್ಸ್‌ಟೆನ್ಶನ್ ಕೇಬಲ್ ತಂದು ಹಿಂದಿನ ಹಸಿರು ಜ್ಯಾಕ್‌ಗೆ ಹಾಕ್ದೆ, ಕೇಬಲ್ಲನ್ನ ಕರೆಂಟಿನ ವೈರ್ ಜೊತೆ ಸುತ್ತದೆ ಬೇರೆ ಕಡೆಯಿಂದ ತಂದೆ, ಆ ಸದ್ದು ಹೋಯ್ತು.

ಗುಂಯ್‌ ಸದ್ದಿನ ಕತೆ ನಮ್ಮ ಭಾವನ ಮನೇದು. ಲ್ಯಾಪ್‌ಟಾಪನ್ನ ಆಂಪ್ಲಿಫೈಯರ್‌ಗೆ ಹಾಕಿದ್ರು, ಚಾರ್ಜರ್ ಕಿತ್ರೆ ಸದ್ದಿಲ್ಲ, ಹಾಕಿದ್ರೆ ಗುಂಯ್‌. ಅದೇ ಆಂಪ್‌ಗೆ ಕೇಬಲ್ ಟಿವಿ ಸೆಟ್‌ಟಾಪ್ ಬಾಕ್ಸೂ ಸೇರಿತ್ತು, ಅದರ ಹಿಂದಿನ ಕೇಬಲ್ ವೈರ್ ತಿರುಗಿಸಿ ಬಿಚ್ಚಿದ್ರೂ ಸದ್ದು ನಿಲ್ತು. ಚಾರ್ಜರ್ ಕಡೆಯಿಂದ ಒಂದು ಅರ್ಥ್, ಕೇಬಲ್ ಲೈನ್ ಕಡೆಯಿಂದ ಇನ್ನೊಂದು, ಎರಡರ ಮಧ್ಯೆ ಕರೆಂಟು ಸುತ್ತು ಹೊಡೀತಿತ್ತು, ಇದಕ್ಕೇ ಗ್ರೌಂಡ್ ಲೂಪ್ ಅನ್ನೋದು. "ಅರ್ಥ್ ಪಿನ್ನೇ ಮುರಿದು ಬಿಡೋಣ ಬಿಡೋ" ಅಂದ್ರು ಭಾವ. ಸದ್ದು ಹೋಗುತ್ತೆ ನಿಜ, ಆದ್ರೆ ಒಳಗೆ ಏನಾದ್ರೂ ಲೀಕ್ ಆದ್ರೆ ಶಾಕ್ ಹೊಡೆಯೋದು ಮನುಷ್ಯರಿಗೆ, ದಯವಿಟ್ಟು ಬೇಡ. ಲ್ಯಾಪ್‌ಟಾಪ್ ಮತ್ತೆ ಆಂಪ್ ಮಧ್ಯೆ ಗ್ರೌಂಡ್ ಲೂಪ್ ಐಸೋಲೇಟರ್ ಹಾಕಿಸ್ದೆ, ಒಳಗೆ ಎರಡು ಪುಟ್ಟ ಟ್ರಾನ್ಸ್‌ಫಾರ್ಮರ್ ಅಷ್ಟೇ, ಬೇರೆ ಕರೆಂಟು ಬೇಡ. ತೀರಾ ಅಗ್ಗದ್ದು ತಗೊಂಡ್ರೆ ಬೇಸ್ ಸ್ವಲ್ಪ ತಿನ್ನುತ್ತೆ.

ಇಷ್ಟಾದ ಮೇಲೂ ಪಿನ್ ಕಿತ್ತಾಗ ಬರೋ ಸುಯ್‌ ಉಳಿದ್ರೆ ಅದು ಆಂಪ್‌ನದೇ, ನನ್ನದ್ರಲ್ಲಿ ಗೇಣು ದೂರಕ್ಕೆ ಕೇಳಲ್ಲ, ಬಿಟ್ಟಿದ್ದೀನಿ. ದುಡ್ಡು ಹಾಕೋದೇ ಆದ್ರೆ, ಮದರ್‌ಬೋರ್ಡ್‌ನಲ್ಲಿ ಆಪ್ಟಿಕಲ್ ಔಟ್ ಇದ್ರೆ ಆಪ್ಟಿಕಲ್ ಇನ್‌ಪುಟ್ ಇರೋ ಡ್ಯಾಕ್ (ಡಿಜಿಟಲ್ ಸಿಗ್ನಲ್ಲನ್ನ ಸ್ಪೀಕರ್‌ಗೆ ಬೇಕಾದ ಸದ್ದಿನ ಸಿಗ್ನಲ್ ಮಾಡೋ ಡಬ್ಬಿ) ನೋಡಿ. ಅದ್ರಲ್ಲಿ ಹೋಗೋದು ಬೆಳಕು, ತಾಮ್ರದ ಸಂಬಂಧವೇ ಇಲ್ಲ. ಯುಎಸ್‌ಬಿ ಡ್ಯಾಕ್ ಆದ್ರೆ ಕೆಲವು ಸಲ 5 ವೋಲ್ಟ್ ಲೈನ್ ಮೂಲಕ ಅದೇ ಕಿರ್‌ಕಿರ್ ವಾಪಸ್ ಬರುತ್ತೆ, ವಾಪಸ್ ತಗೊಳ್ಳೋ ಅಂಗಡೀಲೇ ತಗೊಳ್ಳಿ.